ಒಂಬೈನೂರು ವರ್ಷದ ದೇವರಿಗೆ ಚಿಕನ್ ಅಂಗಡಿ ಡ್ಯೂಟಿ

'ಗಾಬ್ಲಿನ್' ಎಂಬ ಕೊರಿಯನ್ ಧಾರಾವಾಹಿಯ ನಾಯಕ ಕಿಮ್ ಶಿನ್ ಅಂದರೆ ಸುಮ್ನೆ ಅಲ್ಲ. ಕೊರಿಯಾದ ಹಳೇ ಗೊರಿಯೊ ಅರಸರ ಕಾಲದ ಸೇನಾಪತಿ. ಯುದ್ಧ ಗೆದ್ದು ಬಂದವನನ್ನು ರಾಜನೇ ಹೊಟ್ಟೆಕಿಚ್ಚಿಗೆ ಕೊಲ್ಲಿಸಿದ. ಆದರೆ ಸತ್ತವನಿಗೆ ಸಾವು ಬರಲಿಲ್ಲ. ಎದೆಗೆ ಇರಿದ ಕತ್ತಿ ಇನ್ನೂ ಅಲ್ಲೇ ಇದೆ, ವಯಸ್ಸು 939. ಇವನಿಗೆ ಬೇಜಾರಾದರೆ ಊರಿಗೆಲ್ಲ ಮಳೆ. ಖುಷಿಯಾದರೆ ಕಾಲವಲ್ಲದ ಕಾಲದಲ್ಲಿ ಮರ ಹೂ ಬಿಡುತ್ತದೆ. ರಾಜಧಾನಿ ಸೋಲ್‌ನಲ್ಲಿ ಒಂದು ಬಾಗಿಲು ತೆಗೆದರೆ ಆಚೆ ಕಡೆ ಕೆನಡಾ. ವೀಸಾ ಇಲ್ಲ, ಬಯೋಮೆಟ್ರಿಕ್ ಇಲ್ಲ, ವಿಎಫ್ಎಸ್ ವೀಸಾ ಕಚೇರಿ ಮುಂದೆ ಕ್ಯೂ ಇಲ್ಲ.

ಇಷ್ಟೆಲ್ಲ ಶಕ್ತಿ ಇಟ್ಟುಕೊಂಡು ಈ ಮಹಾನುಭಾವ ಏನು ಮಾಡಿದ ಅಂತ ಕೇಳಿ.

2016ರ ಡಿಸೆಂಬರ್‌ನಲ್ಲಿ ಟಿವಿಎನ್ ಚಾನೆಲ್‌ನಲ್ಲಿ 'ಗಾಬ್ಲಿನ್' ಶುರುವಾಯಿತು. ಮೊದಲ ಕಂತಿನಲ್ಲೇ ಅನ್-ತಕ್ ಎಂಬ ಹೈಸ್ಕೂಲ್ ಹುಡುಗಿ ಹುಟ್ಟುಹಬ್ಬದ ದಿನ ಸಮುದ್ರದ ಮುಂದೆ ಒಬ್ಬಳೇ ಕೇಕ್ ಇಟ್ಟುಕೊಂಡು ಮೇಣದಬತ್ತಿ ಊದುತ್ತಾಳೆ. ಪಾಪ, ಅಪ್ಪ ಅಮ್ಮ ಇಲ್ಲದ ಮಗು. ಕಿಮ್ ಶಿನ್ ಕೈಯಲ್ಲಿ ಹೂ ಹಿಡಿದು ಪ್ರತ್ಯಕ್ಷನಾಗುತ್ತಾನೆ. ಹುಡುಗಿಯ ಬೇಡಿಕೆ ಮೂರು. ಚಿಕ್ಕಮ್ಮನ ಮನೆಯವರ ಕಾಟ ತಪ್ಪಬೇಕು, ಪಾರ್ಟ್ ಟೈಮ್ ಕೆಲಸ ಸಿಗಬೇಕು, ಒಬ್ಬ ಬಾಯ್‌ಫ್ರೆಂಡ್ ಬೇಕು. ಕೆಲಸದ ವಿಷಯಕ್ಕೆ ದೇವರು ಕೊಟ್ಟ ಉತ್ತರ: ಚಿಕನ್ ಅಂಗಡಿಯಲ್ಲಿ ಪ್ರಯತ್ನಪಡು.

ಅವಳು ಹೋಗುತ್ತಾಳೆ. ಕೆಲಸ ಸಿಗುತ್ತದೆ. ಅಂಗಡಿ ಕಾಲ್ಪನಿಕ ಅಂದುಕೊಂಡಿರಾ? ಅದು ಬಿಬಿಕ್ಯೂ ಎಂಬ ನಿಜವಾದ ಚಿಕನ್ ಚೈನ್. ಬೋರ್ಡು, ಡಬ್ಬಿ, ಏಪ್ರನ್ ಎಲ್ಲ ಅಸಲಿ. ಧ್ರುವ ತಪಸ್ಸು ಮಾಡಿದ್ದಕ್ಕೆ ಆಕಾಶದಲ್ಲಿ ಶಾಶ್ವತ ಜಾಗ ಸಿಕ್ಕಿತು ಅಂತ ಕೇಳಿ ಬೆಳೆದವರು ನಾವು. ಇಲ್ಲಿ ದೇವರು ಪ್ರತ್ಯಕ್ಷನಾಗಿ ಕೊಟ್ಟ ವರ, ಫ್ರಾಂಚೈಸಿಯಲ್ಲಿ ಗಂಟೆ ಲೆಕ್ಕದ ಕೂಲಿ. ಈಡೇರಿದ್ದು ಯಾರ ಆಸೆ, ಹುಡುಗಿಯದ್ದೋ ಕಂಪನಿಯದ್ದೋ?

ಕಿಮ್ ಶಿನ್ ಒಬ್ಬನನ್ನೇ ಬೈದರೆ ಅನ್ಯಾಯವಾದೀತು. ಅವನ ಮನೆಗೆ ಬಾಡಿಗೆಗೆ ಬಂದ ಯಮದೂತನ ಪಾಡು ನೋಡಿ. ಜಾನಪದದಲ್ಲಿ ಕರಿ ನಿಲುವಂಗಿ, ಕುದುರೆ ಕೂದಲಿನ ಕರಿ ಟೋಪಿ ಹಾಕಿಕೊಂಡು, ನೋಡಿದರೇ ಜೀವ ಹೋಗುವಂತಿದ್ದವನು. ಈಗ ಸೂಟು, ಫ್ಯಾಷನ್ ಹ್ಯಾಟು. ದಿನವಿಡೀ ಸತ್ತವರಿಗೆ ಟೀ ಕುಡಿಸಿ ಹಿಂದಿನದ್ದೆಲ್ಲ ಮರೆಸಿ ಕಳಿಸುತ್ತಾನೆ. ಆದರೆ ಸಂಜೆಗೆ ತಾನು ಇರುವುದು ಇನ್ನೊಬ್ಬರ ಮನೆಯ ಬಾಡಿಗೆ ಕೋಣೆಯಲ್ಲಿ. ಸೋಲ್‌ನಲ್ಲಿ ಸ್ವಂತ ಮನೆ ಮಾಡುವುದು ಸಾವಿನ ಇಲಾಖೆಯವರಿಗೂ ಆಗಲಿಲ್ಲ. ಇಡೀ ಧಾರಾವಾಹಿಯಲ್ಲಿ ನಾನು ಕಣ್ಣು ಮುಚ್ಚಿ ನಂಬಿದ್ದು ಇದೊಂದನ್ನೇ.

ಈ ಡ್ಯೂಟಿಗೆ ಒಂದು ಕಾನೂನು ಇದೆ. 2010ರಿಂದ ಕೊರಿಯಾದಲ್ಲಿ ಧಾರಾವಾಹಿಯ ಒಳಗೇ ವಸ್ತುಗಳ ಜಾಹೀರಾತು ತುರುಕಲು ಅನುಮತಿ ಕೊಟ್ಟರು. ಅಲ್ಲಿಯವರು ಪಿಪಿಎಲ್ ಅನ್ನುತ್ತಾರೆ. ಅನುಮತಿ ಜೊತೆಗೆ ಷರತ್ತೂ ಇದೆ. ವಸ್ತು ಪರದೆಯ ಕಾಲು ಭಾಗಕ್ಕಿಂತ ಜಾಸ್ತಿ ಜಾಗ ತಿನ್ನಬಾರದು. ಇದರಲ್ಲಿ ಜಾಹೀರಾತಿದೆ ಅಂತ ಶುರುವಿನಲ್ಲೇ ಹೇಳಬೇಕು. ಮುಖ್ಯವಾಗಿ, ಪಾತ್ರಗಳು ಬ್ರ್ಯಾಂಡ್ ಹೆಸರು ಎತ್ತಬಾರದು, ಕೊಂಡುಕೊಳ್ಳಿ ಅಂತ ಹೇಳಬಾರದು.

ಈ ಮೂರನೆಯ ಷರತ್ತು ಕೊರಿಯನ್ ನಟನೆಗೆ ಕೊಟ್ಟ ಕೊಡುಗೆ ದೊಡ್ಡದು. ಹೆಸರು ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಹಾಗಾಗಿ ನಾಯಕಿ ನೀರು ಕುಡಿಯುವಾಗ ಬಾಟಲಿಯನ್ನು ಮೂರೇ ಬೆರಳಲ್ಲಿ, ಬುಡದ ಹತ್ತಿರ ಹಿಡಿಯುತ್ತಾಳೆ. ಲೇಬಲ್ ಮುಚ್ಚಬಾರದಲ್ಲ. ಅಳುತ್ತಿದ್ದರೂ ಅಷ್ಟೇ. ಕಣ್ಣೀರು ಎತ್ತ ಬೇಕಾದರೂ ಹರಿಯಲಿ, ಲೇಬಲ್ ಮಾತ್ರ ಕ್ಯಾಮೆರಾ ಕಡೆಗೇ. ನಾಯಕ ಸ್ಯಾಂಡ್‌ವಿಚ್ ಕಚ್ಚುವ ಮೊದಲು ಪೊಟ್ಟಣವನ್ನು ನಿಧಾನ ಬಿಚ್ಚುತ್ತಾನೆ, ಸತ್ಯನಾರಾಯಣ ಪೂಜೆಯ ಪ್ರಸಾದ ಬಿಚ್ಚುವವನ ಭಕ್ತಿಯಲ್ಲಿ. ಸಬ್‌ವೇ ಸ್ಯಾಂಡ್‌ವಿಚ್ ಅಂತೂ ಎಷ್ಟು ಧಾರಾವಾಹಿಗಳಲ್ಲಿ ಮುಖ ತೋರಿಸಿತು ಅಂದರೆ, 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಮೇಲೆಯೇ ಒಂದು ವರದಿ ಮಾಡಿತು. ಹೊಸ ನಟರಿಗೆ ಅಷ್ಟು ಬೇಗ ಅವಕಾಶ ಸಿಗುವುದಿಲ್ಲ.

'ಗಾಬ್ಲಿನ್' ಬರೆದ ಕಿಮ್ ಉನ್-ಸುಕ್ ಅವರೇ 2020ರಲ್ಲಿ 'ದಿ ಕಿಂಗ್' ಬರೆದರು. ಅದರಲ್ಲಿ ಬೇರೊಂದು ಲೋಕದ ಕೊರಿಯಾದ ಚಕ್ರವರ್ತಿ ಕುದುರೆ ಏರಿ ನಮ್ಮ ಲೋಕಕ್ಕೆ ಬರುತ್ತಾನೆ. ಎರಡು ಲೋಕಗಳ ಗಡಿ ದಾಟಿ ಬಂದವನು ಡಬ್ಬಿ ಕಾಫಿ ಕುಡಿದು ಹೇಳುವುದೇನು? ಮೊದಲ ಗುಟುಕಿಗೆ ರುಚಿ ತುಂಬಾ ಇದೆ, ಕೊನೆಗೆ ಬಾಯಿ ಸ್ವಚ್ಛ, ಅರಮನೆ ಕಾಫಿಯ ಹಾಗೇ ಇದೆ, ಅಂತ. ಬ್ರ್ಯಾಂಡ್ ಹೆಸರು ಹೇಳಿದನೇ? ಇಲ್ಲಪ್ಪ. ಚಕ್ರವರ್ತಿಯಾದರೂ ಕಾನೂನಿಗೆ ತಲೆಬಾಗುವವನು. ಈ ಬಾರಿ ಕೊರಿಯಾದ ವೀಕ್ಷಕರೇ ನಕ್ಕುಬಿಟ್ಟರು. ಕತೆಯ ನಡುವೆ ಜಾಹೀರಾತು ಬರುತ್ತಿದೆಯೋ, ಜಾಹೀರಾತುಗಳ ನಡುವೆ ಕತೆ ಬರುತ್ತಿದೆಯೋ ಅಂತ ಬೈದರು. ಬರಹಗಾರ್ತಿಯನ್ನು ದೂರಿ ಪ್ರಯೋಜನ ಇಲ್ಲ ಬಿಡಿ. ಅಲ್ಲಿ ಧಾರಾವಾಹಿಯ ಖರ್ಚು ಏರುತ್ತಲೇ ಇದೆ, ಚಾನೆಲ್ ಕೊಡುವ ದುಡ್ಡು ಸಾಲುವುದಿಲ್ಲ. ಮಿಕ್ಕಿದ್ದನ್ನು ದೇವರು ದುಡಿದು ತರಬೇಕು.

ಆ ದೇವರೂ ಮೊದಲಿನಿಂದ ಹೀಗಿರಲಿಲ್ಲ. ಗಾಬ್ಲಿನ್ ಅಂದರೆ ಕೊರಿಯನ್ ಜಾನಪದದ ದೊಕ್ಕೆಬಿ. ರಾತ್ರಿ ಗದ್ದೆ ಬಯಲಲ್ಲಿ ಕಾಣುವ ನೀಲಿ ಬೆಂಕಿಯನ್ನು ಅವರು ದೊಕ್ಕೆಬಿ ಬೆಂಕಿ ಅನ್ನುತ್ತಾರೆ. ಅಂದರೆ ಹೆಚ್ಚುಕಡಿಮೆ ನಮ್ಮ ಕೊಳ್ಳಿದೆವ್ವದ ದಾಯಾದಿ. ಬಿಸಾಕಿದ ಹಳೇ ಪೊರಕೆಗೆ ಜೀವ ಬಂದು ಹುಟ್ಟುವವನು. ದಾರಿಹೋಕರನ್ನು ತಡೆದು ಬಾ ಕುಸ್ತಿಗೆ ಅನ್ನುವವನು. ಮಕ್‌ಗೊಲಿ ಎಂಬ ಅಕ್ಕಿ ಹೆಂಡ, ಮೆಮಿಲ್‌ಮುಕ್ ಎಂಬ ಜೆಲ್ಲಿಯಂಥ ತಿಂಡಿ ಕೊಟ್ಟರೆ ಒಲಿಯುವವನು. ಬುದ್ಧಿ ಸ್ವಲ್ಪ ಮಂದ, ಮನಸ್ಸು ಒಳ್ಳೆಯದು. ಕೈಯಲ್ಲಿನ ದೊಣ್ಣೆ ಬಡಿದರೆ ಚಿನ್ನ ಉದುರುತ್ತಿತ್ತು. ಆ ದೊಣ್ಣೆಯನ್ನು ಎಲ್ಲೋ ಅಡ ಇಟ್ಟಿರಬೇಕು, ಇಲ್ಲದಿದ್ದರೆ ಈ ವಯಸ್ಸಲ್ಲಿ ಸ್ಪಾನ್ಸರ್ ಹಿಂದೆ ಯಾಕೆ ಬೀಳುತ್ತಿದ್ದ? ಪೊರಕೆಯಿಂದ ಹುಟ್ಟಿದವನಿಗೆ ನಟ ಗೊಂಗ್ ಯೂನ ಮುಖ, ಮಂಡಿಯವರೆಗಿನ ಕೋಟು. ಬೆಂಗಳೂರಿನ ನಮ್ಮ ಹುಡುಗಿಯರು ಕಣ್ಣು ಕೆಂಪಗಾಗುವವರೆಗೆ ಅತ್ತು, ಮರುದಿನ ಸೂಪರ್ ಮಾರ್ಕೆಟ್‌ನ ಕೊರಿಯನ್ ನೂಡಲ್ಸ್ ರ್ಯಾಕ್ ಖಾಲಿ ಮಾಡಿದ್ದು ಇವನ ದೆಸೆಯಿಂದ. ಹಳೇ ಪೊರಕೆ ನೋಡಿ ಯಾರೂ ಅಳುವುದಿಲ್ಲ, ಅದೂ ನಿಜ.

ಧಾರಾವಾಹಿ 2017ರ ಜನವರಿಯಲ್ಲಿ ಮುಗಿಯಿತು. ದೇವರ ಡ್ಯೂಟಿ ಮುಗಿಯಲಿಲ್ಲ. ಪ್ರವಾಸೋದ್ಯಮದ ಹೆಚ್ಚುವರಿ ಹೊಣೆ ಬಂತು. ಕೇಕ್ ಇಟ್ಟು ಬತ್ತಿ ಊದಿದ ಜಾಗ ಪೂರ್ವ ಕರಾವಳಿಯ ಗಂಗ್‌ನುಂಗ್ ಊರಿನ ಜುಮುಂಜಿನ್ ಹತ್ತಿರದ ಒಂದು ಅಲೆತಡೆ ಗೋಡೆ. ಅಲೆಯನ್ನು ತಡೆಯಲು ಹಾಕಿದ ಬರೀ ಸಿಮೆಂಟು. ಅದರ ಮೇಲೆ ಜೋಡಿಗಳ ಸಾಲು ನಿಂತಿತು. ಕೆಂಪು ಮಫ್ಲರು, ಹೂಗೊಂಚಲು ಅಲ್ಲೇ ಬಾಡಿಗೆಗೆ. ಒಂದು ಜೋಡಿ ಹೋಗಿ ಗೋಡೆಯ ತುದಿಯಲ್ಲಿ ನಿಂತು, ಅವನು ಹೂ ಚಾಚಿ, ಅವಳು ಬೆರಗಾಗಿ, ಫೋಟೋ ತೆಗೆಸಿಕೊಂಡು ಹೂ ವಾಪಸು ಕೊಟ್ಟರೆ, ಅದೇ ಹೂವಿಗೆ ಮುಂದಿನವಳು ಬೆರಗಾಗಬೇಕು. ಸಾವಿರ ವರ್ಷದ ಪ್ರೇಮಕ್ಕೆ ಸಿಗುವ ಸಮಯ ಹಿಂದೆ ನಿಂತವರ ತಾಳ್ಮೆ ಇರುವಷ್ಟು. ಕೆನಡಾದ ಕ್ವಿಬೆಕ್ ನಗರದಲ್ಲಿ ಅವರಿಬ್ಬರೂ ಹಾದುಬಂದ ಕೆಂಪು ಬಾಗಿಲು ಒಂದು ನಾಟಕ ಮಂದಿರದ್ದು. ಹೊರಗೆ ಬರುವ ಬಾಗಿಲಿಗೆ ಬಂದು ನಿಲ್ಲಲು ಕೊರಿಯಾದವರು ಅರ್ಧ ಭೂಮಿ ಸುತ್ತಿದರು. ನಟರಿಗಿಂತ ಬಾಗಿಲಿಗೇ ಅಭಿಮಾನಿಗಳು ಜಾಸ್ತಿ ಅಂತ ಆ ಮಂದಿರದವರಿಗೆ ಅನ್ನಿಸಿದ್ದರೆ ತಪ್ಪಿಲ್ಲ.

ಇದಕ್ಕೂ ಮುಂಚೆ ಒಬ್ಬ ಅನ್ಯಗ್ರಹದವನು ರಾಷ್ಟ್ರಪತಿಯವರೆಗೂ ಹೋಗಿದ್ದ. 'ಮೈ ಲವ್ ಫ್ರಮ್ ದಿ ಸ್ಟಾರ್' 2014ರ ಫೆಬ್ರವರಿಯಲ್ಲಿ ಮುಗಿಯಿತು. 1609ರಲ್ಲಿ ಕೊರಿಯಾಕ್ಕೆ ಬಂದಿಳಿದ ಆತ ಸಮಯವನ್ನೇ ನಿಲ್ಲಿಸಬಲ್ಲ. ನಾಯಕಿ ಚೊನ್ ಸೊಂಗ್-ಇ ಹಿಮ ಬಿದ್ದ ದಿನ ಚಿಕನ್ ಮತ್ತು ಬಿಯರ್ ಬೇಕು ಅಂದಳು, ಚೀನಾದ ಜನ ಚಿಕನ್ ಅಂಗಡಿಗಳ ಮುಂದೆ ಸಾಲುಗಟ್ಟಿದರು. ಅವಳು ಹಾಕಿದ್ದ ಕೋಟೂ ಅವರಿಗೆ ಬೇಕಾಯಿತು. ಕೊರಿಯಾದ ವೆಬ್‌ಸೈಟ್‌ಗೆ ಹೋದರು. ಅಲ್ಲಿ ಮೂರು ಲಕ್ಷ ವನ್ ಮೇಲಿನ ಖರೀದಿಗೆ ಸರ್ಕಾರ ಮಾನ್ಯ ಮಾಡಿದ ಡಿಜಿಟಲ್ ಪ್ರಮಾಣಪತ್ರ ಕಡ್ಡಾಯ. ಅದಕ್ಕೆ ಆಕ್ಟಿವ್‌ಎಕ್ಸ್ ಎಂಬ ಹಳೇ ತಂತ್ರಾಂಶ ಬೇಕು. ಆಕ್ಟಿವ್‌ಎಕ್ಸ್‌ಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ರೇ ಬೇಕು. ದುಡ್ಡು ಹಿಡಿದು ಬಾಗಿಲಲ್ಲಿ ನಿಂತ ಗಿರಾಕಿಗೆ ಜಾತಕ ತನ್ನಿ ಅಂದ ಹಾಗಾಯಿತು. 2014ರ ಮಾರ್ಚ್ 20ರಂದು ರಾಷ್ಟ್ರಪತಿ ಪಾರ್ಕ್ ಗನ್-ಹೆ ಮಂತ್ರಿಗಳನ್ನು ಕೂರಿಸಿಕೊಂಡು ನಡೆಸಿದ ಸಭೆಯಲ್ಲಿ ಈ ಕೋಟಿನ ಕತೆ ಎತ್ತಿದರು. ಸ್ವಂತ ದೇಶದ ಜನ ಆ ಪ್ರಮಾಣಪತ್ರದ ಜೊತೆ ವರ್ಷಗಟ್ಟಲೆ ಗುದ್ದಾಡಿದಾಗ ಬಾರದ ಎಚ್ಚರ, ಒಬ್ಬ ಕಾಲ್ಪನಿಕ ನಟಿಯ ಕೋಟಿನಿಂದ ಬಂತು. ಕಡ್ಡಾಯ ಹೋಯಿತು. ಪ್ರಮಾಣಪತ್ರದ ವಿಶೇಷ ಮಾನ್ಯತೆ ಪೂರ್ತಿ ಹೋಗಲು 2020ರ ಡಿಸೆಂಬರ್ ಬರಬೇಕಾಯಿತು. ಸಮಯ ನಿಲ್ಲಿಸುವ ಶಕ್ತಿ ಕೊರಿಯಾದಲ್ಲಿ ಅನ್ಯಗ್ರಹದವರಿಗೆ ಮಾತ್ರ ಇದೆ ಅಂತ ಯಾರು ಹೇಳಿದ್ದು?

ಈಗ ಜಿನ್ ಸರದಿ. 2025ರ ಅಕ್ಟೋಬರ್ 3ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ 'ಜೀನಿ, ಮೇಕ್ ಎ ವಿಶ್' ಬಂತು. ಬರೆದವರು ಅದೇ ಕಿಮ್ ಉನ್-ಸುಕ್. ದೀಪದಿಂದ ಎದ್ದ ಜಿನ್ ಆಗಿ ಕಿಮ್ ವೂ-ಬಿನ್, ಯಾವ ಭಾವನೆಯೂ ತಟ್ಟದ ಹುಡುಗಿಯಾಗಿ ಸೂಜಿ ಎಂಬ ನಟಿ. ಹದಿಮೂರು ಕಂತು, ಮೂರು ವರ. ಕೇಳುವ ವರಗಳಿಂದಲೇ ಮನುಷ್ಯರ ದುರಾಸೆ ಬಯಲಾಗುತ್ತದೆ ಅನ್ನುವುದು ಜಿನ್ ವಾದ. ಮನುಷ್ಯರ ದುರಾಸೆ ಪರೀಕ್ಷಿಸಲು ಇಷ್ಟು ದೂರದಿಂದ ಬರಬೇಕಿತ್ತೇ? ಯಾವುದಾದರೂ ಹಳೇ ಧಾರಾವಾಹಿಯ ಸ್ಪಾನ್ಸರ್ ಪಟ್ಟಿ ಓದಿದ್ದರೆ ಸಾಕಿತ್ತು. ನೆಟ್‌ಫ್ಲಿಕ್ಸ್‌ಗೆ ಕೊರಿಯಾದ ಪ್ರಸಾರ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಈ ಜಿನ್ ಮನಸ್ಸು ಮಾಡಿದರೆ ಬ್ರ್ಯಾಂಡ್ ಹೆಸರನ್ನು ಬಾಯಿಬಿಟ್ಟು ಹೇಳಬಹುದು. ಆ ಭಾಗ್ಯ ಕಿಮ್ ಶಿನ್‌ಗೆ 939 ವರ್ಷ ಕಾದರೂ ಬರಲಿಲ್ಲ.

ಟಿವಿ ಆಚೆಯ ಕೊರಿಯಾದವರು ನಿಜವಾಗಿ ಏನು ಬೇಡುತ್ತಾರೆ ಅಂತ ತಿಳಿಯಬೇಕಿದ್ದರೆ ನವೆಂಬರ್‌ನಲ್ಲಿ ದೆಗು ನಗರದ ಹತ್ತಿರದ ಪಲ್‌ಗೊಂಗ್ ಬೆಟ್ಟಕ್ಕೆ ಹೋಗಬೇಕು. ಕಾಲೇಜು ಪ್ರವೇಶದ ಸುನಂಗ್ ಪರೀಕ್ಷೆಯ ಸಮಯ. ಪರೀಕ್ಷೆ ದಿನ ಷೇರುಪೇಟೆ ಒಂದು ಗಂಟೆ ತಡವಾಗಿ ತೆರೆಯುತ್ತದೆ. ಇಂಗ್ಲಿಷ್ ಕೇಳಿಸಿಕೊಳ್ಳುವ ಪರೀಕ್ಷೆ ನಡೆಯುವಷ್ಟು ಹೊತ್ತು ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಮಳೆ ತರಿಸುವ ದೇವರಿಗೆ ಆಗದ ಕೆಲಸ ಇದು. ಆ ಬೆಟ್ಟದ ತುದಿಯಲ್ಲಿ ಗತ್‌ಬವಿ ಬುದ್ಧ ಇದ್ದಾನೆ, ತಲೆ ಮೇಲೆ ಚಪ್ಪಟೆ ಕಲ್ಲಿನ ಟೋಪಿ. ಮನಸ್ಸಿಟ್ಟು ಬೇಡಿದರೆ ಒಂದು ಆಸೆ ಈಡೇರಿಸುತ್ತಾನೆ ಅಂತ ನಂಬಿಕೆ. ಮೂರಲ್ಲ, ಒಂದೇ. ಅಮ್ಮಂದಿರು ಮೆಟ್ಟಿಲು ಹತ್ತಿ ಬಂದು, ಚಳಿಯಲ್ಲಿ ಚಾಪೆ ಹಾಸಿ, ಎದ್ದು ಬಗ್ಗಿ ಮತ್ತೆ ಎದ್ದು ನಮಸ್ಕಾರ ಹಾಕುತ್ತಾರೆ. ನಮ್ಮಲ್ಲಿ ಗಣಪತಿಗೆ ಒಂದು ಈಡುಗಾಯಿ ಒಡೆದು ಬೇಗ ಮುಗಿಸುತ್ತೇವೆ, ಅಲ್ವಾ? ಬೇಡುವುದಕ್ಕೆ ಮಕ್ಕಳೇ ಕಮ್ಮಿಯಾಗುತ್ತಿದ್ದಾರೆ ಅನ್ನುವುದು ಬೇರೆ ವಿಷಯ. ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು, 2023ರ ಲೆಕ್ಕ. ಇನ್ನು ಕೆಲವು ವರ್ಷಕ್ಕೆ ಬುದ್ಧನ ಹತ್ತಿರವೇ ವರ ಮಿಕ್ಕಬಹುದು.

ಈ ಬುದ್ಧನಿಗೆ ಇನ್ನೂ ಯಾವ ಕಂಪನಿಯ ಕೆಲಸವೂ ಸಿಕ್ಕಿಲ್ಲ. ಆದರೆ ಅರ್ಹತೆ ಎಲ್ಲ ಇದೆ. ಅನುಭವ ಸಾವಿರ ವರ್ಷಕ್ಕೂ ಮೇಲೆ. ಕುಳಿತ ಭಂಗಿ ಅಲುಗುವುದಿಲ್ಲ, ರೀಟೇಕ್ ಬೇಕಿಲ್ಲ. ಬ್ರ್ಯಾಂಡ್ ಹೆಸರು ಅಪ್ಪಿತಪ್ಪಿಯೂ ಬಾಯಿಂದ ಬರುವುದಿಲ್ಲ. ಎಡ ಅಂಗೈಯಲ್ಲಿ ಪುಟ್ಟ ಔಷಧಿ ಬಟ್ಟಲು ಇದೆ ಅನ್ನುತ್ತಾರೆ. ಲೇಬಲ್ ಹಚ್ಚಿದರೂ ಪರದೆಯ ಕಾಲು ಭಾಗ ದಾಟುವುದಿಲ್ಲ.