ಪೈಲಟ್ ಸಂಬಳದ ಕಥೆ ನನಗೆ ಹೇಳಬೇಡಿ

ಕೈ ಇನ್ನೂ ನಡುಗ್ತಾ ಇದೆ. ಬೆಂಗಳೂರಿಗೆ ಹೋಗುವ ಪಂಚಗಂಗಾ ರೈಲು ಕಾರವಾರದಿಂದ ಹೊರಟಾಗಿದೆ, ಆಯಿಗೆ ನಾಳೆ ಬೆಳಿಗ್ಗೆಯೇ ಬೆಂಗಳೂರಿನಲ್ಲಿ ಡಾಕ್ಟರು, ನಾವು ಗೋವಾ ಏರ್‌ಪೋರ್ಟಿನ ಹೊರಗೆ ನಿಂತಿದ್ದೇವೆ.

ವಿಮಾನ ರದ್ದು. ಸಿಬ್ಬಂದಿ ಇಲ್ಲವಂತೆ. ಬದಲಿ ಸೀಟು ಕೇಳಿದರೆ ಕೌಂಟರ್‌ನವನು ನಾಳೆ ಸಂಜೆಗೆ ಅಂದ. ಅದೇ ಕಂಪನಿಯ ರಾತ್ರಿ ವಿಮಾನ ಎದುರಿನ ಬೋರ್ಡಿನಲ್ಲೇ ಇತ್ತು. ಅದು ಬೇಕಾದರೆ ಹೊಸ ಟಿಕೆಟ್ ತಗೊಳ್ಳಬೇಕು, ದರ ಮೂರು ಪಟ್ಟು. ಯಾಕೆ ಅಂತ ಕೇಳಿದೆ, ಅಷ್ಟೇ. ಅವನು ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡು, ಇಡೀ ಸಾಲಿಗೆ ಕೇಳುವಂತೆ, "ಪೈಲಟ್ ಯೂನಿಯನ್‌ನವರನ್ನ ಕೇಳಿ ಮೇಡಂ, ಅವರಿಗೆ ಲಕ್ಷ ಲಕ್ಷ ಸಂಬಳ ಬೇಕು, ಎಲ್ಲಿಂದ ಕೊಡೋದು? ಆಗದಿದ್ದರೆ ಬಸ್ ಇದೆಯಲ್ಲ" ಅಂದ. ಹಿಂದಿದ್ದವರು ನಕ್ಕರು. ಆಯಿ ನನ್ನ ಸೆರಗು ಎಳೆದು "ಬಾ ತಂಗಿ, ಬ್ಯಾಡ" ಅಂದಳು. ಅವಳೆದುರು ಹಾಗೆ ಅನ್ನಿಸಿಕೊಂಡು ಬಾಯಿ ಕಟ್ಟಿದ ಹಾಗಾಯ್ತು. ಆಗ ಬಾರದ ಮಾತೆಲ್ಲ ಈಗ ಬರ್ತಾ ಇದೆ.

ಲೆಕ್ಕ ಹಾಕೋಣ ಬನ್ನಿ. ಕ್ಯಾಪ್ಟನ್‌ಗೆ ತಿಂಗಳಿಗೆ 8 ಲಕ್ಷ, ಕೋ-ಪೈಲಟ್‌ಗೆ 3 ಲಕ್ಷ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 70 ಗಂಟೆ ಹಾರಾಟ. ಬೆಂಗಳೂರಿಗೆ ಒಂದೂಕಾಲು ಗಂಟೆ. 180 ಸೀಟಿಗೆ ಹಂಚಿದರೆ ತಲೆಗೆ ಸುಮಾರು 110 ರೂಪಾಯಿ! ಇಬ್ಬರದೂ ಸೇರಿ. ಕಂಪನಿಯ ಒಟ್ಟು ಖರ್ಚಿನಲ್ಲಿ ಇಂಧನದ್ದೇ ಮೂರನೇ ಒಂದು ಭಾಗದಷ್ಟು, ಅದರ ಮೇಲೆ ರಾಜ್ಯಗಳ ತೆರಿಗೆ. ಅದನ್ನು ಯಾರೂ ಕೌಂಟರ್‌ನಲ್ಲಿ ಕೂಗಿ ಹೇಳಲ್ಲ.

ಮತ್ತೆ ಪೈಲಟ್ ಸಂಘಗಳು ಕೋರ್ಟಿಗೆ ಹೋಗಿದ್ದು ನಿದ್ದೆಗೋಸ್ಕರ ರೀ. ವಾರದ ವಿಶ್ರಾಂತಿ 36 ಗಂಟೆಯಿಂದ 48 ಆಗಬೇಕು, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಬೇಕು ಅನ್ನುವ ನಿಯಮ ಬಂದಿದ್ದು 2024ರ ಜನವರಿಯಲ್ಲಿ. ಪೂರ್ತಿ ಜಾರಿಗೆ ಬಂದಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳಿಗೆ ಅಷ್ಟು ಸಮಯ ಇತ್ತು! ಪೈಲಟ್ ಕಡಿಮೆಯಾದರೆ ವಿಮಾನ ಕಡಿಮೆ, ಸೀಟು ಕಡಿಮೆ, ದರ ಏರುತ್ತೆ, ಒಪ್ಪಿದೆ. ಆದರೆ ಜನರನ್ನ ಸೇರಿಸಿಕೊಳ್ಳದೆ ಕೂತವರು ಯಾರು? ಆ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾದಾಗ 500 ಕಿಲೋಮೀಟರ್ ಒಳಗೆ 7,500 ರೂಪಾಯಿ ಮೀರಬಾರದು ಅಂತ ಸರ್ಕಾರವೇ ಮಿತಿ ಹಾಕಿತ್ತು. ಆಗ ಪೈಲಟ್ ಸಂಬಳ ಇಳಿದಿತ್ತಾ? ಹೇಳಿ ಯಾರಾದರೂ.

ಹೋಗಲಿ ಬಿಡಿ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಅಂಕೋಲಾ ಹತ್ತಿರದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಅಂತ ಕೇಳಿ ಕೇಳಿ ಸಾಕಾಗಿದೆ, ಇವತ್ತಿಗೂ ಪೋಳೆಯಲ್ಲಿ ಗೋವಾ ಗಡಿ ದಾಟಿಯೇ ಬರಬೇಕು. ಬಸ್ಸೇ ಗತಿ.

ಇಲ್ಲ, ಬಿಡೋಕೆ ಆಗ್ತಾ ಇಲ್ಲ. ದುಡ್ಡಿಗೆ ಇದ್ದ ಸೀಟು ಬದಲಿಗೆ ಯಾಕೆ ಇರಲಿಲ್ಲ? ಆ ವಿಮಾನಕ್ಕೂ ಪೈಲಟ್ ಬೇಕಲ್ವಾ, ಅವನು ಎಲ್ಲಿಂದ ಬಂದ?

ವಿಮಾನ ಪ್ರಯಾಣಿಕರ ದೂರಿಗೆ ಸರ್ಕಾರ ಮಾಡಿರುವ ಏರ್‌ಸೇವಾದಲ್ಲಿ ದೂರು ಹಾಕಿದ್ದೇನೆ. ಉತ್ತರ ಬರುತ್ತೆ ಅನ್ನುವ ನಂಬಿಕೆ ಇಲ್ಲ. ಆದರೂ ಹಾಕಿದ್ದೇನೆ.