ಪರ-ವಿರೋಧ: ಜರ್ಮನಿ ಎಕಾನಮಿ ನಿಂತಲ್ಲೇ ನಿಂತಿರೋದಕ್ಕೆ ವಲಸಿಗರು ಕಾರಣಾನಾ?

ಪರ

ಈ ಸೈಡ್ ನನ್ನ ಪಾಲಿಗೆ ಬಂತು, ಬರೀತೀನಿ. ನಂಬ್ತೀನಾ ಅಂದ್ರೆ ಅರ್ಧ ನಂಬ್ತೀನಿ ಅಷ್ಟೆ. 2015ರಲ್ಲಿ ಆಗಿನ ಚಾನ್ಸಲರ್ ಮೆರ್ಕೆಲ್ ಮೇಡಂ "ನಮ್ಮ ಕೈಲಾಗತ್ತೆ" ಅಂದ್ರು, ಆ ಒಂದೇ ವರ್ಷ ಸುಮಾರು 8.9 ಲಕ್ಷ ಜನ ಆಶ್ರಯ ಕೇಳ್ಕೊಂಡು ಬಂದ್ರು. ಬಾಡಿಗೆ, ಹೀಟಿಂಗು, ಆಸ್ಪತ್ರೆ ಎಲ್ಲಾ ಸರ್ಕಾರದ್ದೇ. ತಪ್ಪು ಅಂತಲ್ಲ, ಆದ್ರೆ ದುಡ್ಡು ಎಲ್ಲಿಂದ ಬರ್ಬೇಕು? ನನ್ನ ಸ್ಯಾಲರಿ ಸ್ಲಿಪ್ಪಲ್ಲಿ ನೂರಕ್ಕೆ ಅರವತ್ತು ಕೈಗೆ ಬಂದ್ರೆ ಹೆಚ್ಚು. 2024ರಲ್ಲಿ ಬ್ಯೂರ್ಗರ್‌ಗೆಲ್ಡ್ (ಕೆಲಸ ಇಲ್ಲದವರಿಗೆ, ಆದಾಯ ಸಾಲದವರಿಗೆ ಸರ್ಕಾರ ಕೊಡ್ತಿದ್ದ ಭತ್ಯೆ) ತಗೊಳ್ತಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಜರ್ಮನ್ ಪ್ರಜೆಗಳೇ ಅಲ್ಲ, ಉಕ್ರೇನಿನವರೂ ಸೇರಿ. 2015ರಲ್ಲಿ ಬಂದ ಗಂಡಸರು ಬಹುಪಾಲು ಕೆಲಸಕ್ಕೆ ಸೇರಿದಾರೆ, ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರು. ಭಾಷೆ ಬರದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಭಾಷೆ ಬರಲ್ಲ, ಹೀಗೇ ಸುತ್ತು. ಆ ಕಡೆ ಜಿಡಿಪಿ 2023, 2024 ಎರಡೂ ವರ್ಷ ಕುಗ್ಗಿತು. ಇದೊಂದೇ ಕಾರಣ ಅಂತ ಹೇಳಲ್ಲ, ಹೇಳಿದ್ರೆ ಕೆಳಗೆ ಬರೆಯೋರು ನನ್ನ ಬಿಡಲ್ಲ.

ವಿರೋಧ

ಬಿಡಲ್ಲ, ಸರಿಯಾಗೇ ಹೇಳಿದ್ರಿ. ವಲಸಿಗರಂತೆ ಕಾರಣ! ಡ್ರೆಸ್ಡೆನ್ನಿನ ಕರೋಲಾ ಸೇತುವೆನ ಸಿರಿಯಾದಿಂದ ಬಂದ ನಿರಾಶ್ರಿತರು ಬೀಳಿಸಿದ್ರಾ? 2024ರ ಸೆಪ್ಟೆಂಬರ್ 11, ಬೆಳಗಿನ ಜಾವ ಮೂರು ಗಂಟೆ, ಟ್ರಾಮ್ ದಾಟಿ ಇನ್ನೂ ಅರ್ಧ ಗಂಟೆ ಆಗಿಲ್ಲ, ನೂರು ಮೀಟರ್ ಸೇತುವೆ ಎಲ್ಬೆ ನದಿಯಲ್ಲಿ. ಸರ್ಕಾರ ಜಾಸ್ತಿ ಸಾಲ ಮಾಡಬಾರದು ಅಂತ 2009ರಲ್ಲಿ ಸಂವಿಧಾನದಲ್ಲೇ ಬರ್ಕೊಂಡು ರಸ್ತೆ, ರೈಲು ಯಾವುದಕ್ಕೂ ನೆಟ್ಟಗೆ ಖರ್ಚು ಮಾಡದೆ ಕೂತಿದ್ದು ಯಾರು? ಗ್ಯಾಸಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾ ಒಬ್ಬನ ಹತ್ರಾನೇ ತಗೊಂಡು, 2022ರಲ್ಲಿ ಅವನು ನಲ್ಲಿ ಬಂದ್ ಮಾಡಿದ ಮೇಲೂ ಮಾರನೇ ವರ್ಷ ಏಪ್ರಿಲ್‌ನಲ್ಲಿ ಉಳಿದಿದ್ದ ಮೂರು ಅಣು ಸ್ಥಾವರಾನೂ ಆಫ್ ಮಾಡಿದ್ದು ಯಾರು? ಚೀನಾದವರು ತಮ್ಮ ಕಾರು ತಾವೇ ಮಾಡ್ಕೊಳ್ಳೋಕೆ ಶುರು ಮಾಡಿದ್ರು, ಫೋಕ್ಸ್‌ವಾಗನ್ 2030ರೊಳಗೆ 35 ಸಾವಿರಕ್ಕಿಂತ ಜಾಸ್ತಿ ಕೆಲಸ ಕಮ್ಮಿ ಮಾಡ್ತೀವಿ ಅಂತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಭಾಷೆ ಬರಲ್ಲ, ಕೆಲಸ ಇಲ್ಲ ಅಂತೀರಲ್ಲ, 1961ರಲ್ಲಿ ಟರ್ಕಿಯಿಂದ ಕೂಲಿಗೆ ಕರ್ಸಿದಾಗ ಎರಡು ವರ್ಷಕ್ಕೆ ವಾಪಸ್ ಹೋಗ್ತಾರೆ ಬಿಡು ಅಂತ ಭಾಷೆ ಕಲಿಸೋ ಗೋಜಿಗೇ ಹೋಗ್ಲಿಲ್ಲ, ಇಲ್ಲೇ ಹುಟ್ಟಿದ ಅವರ ಮಕ್ಕಳಿಗೆ ಹುಟ್ಟಿದ ತಕ್ಷಣ ಪೌರತ್ವ ಅಂತ ಆಗಿದ್ದೇ 2000ದಲ್ಲಿ. ಈಗ ವಲಸಿಗರು ಇಲ್ಲಿಯವರ ಜೊತೆ ಬೆರೀಲಿಲ್ಲ ಅಂತ ಕಂಪ್ಲೇಂಟು.

ನಮ್ಮ ಬಿಲ್ಡಿಂಗಲ್ಲಿ, ಸ್ಟುಟ್‌ಗಾರ್ಟ್ ಹತ್ರ, ಕೆಳಗಡೆ ಮನೇಲಿ ಸಿರಿಯಾದ ಅಲೆಪ್ಪೊದ ಒಬ್ಬ ಡೆಂಟಿಸ್ಟ್ ಇದ್ದ. ಅಲ್ಲಿ ಆರು ವರ್ಷ ಪ್ರಾಕ್ಟೀಸ್ ಮಾಡಿದವನು. ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಪಾರ್ಸೆಲ್ ಹಂಚ್ತಿದ್ದ, ಲಿಫ್ಟ್ ಇಲ್ಲದ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿ ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ಕೊಂಡಿರ್ತಿದ್ದ. ರಾತ್ರಿ ಜರ್ಮನ್ ಓದು, ಅದೂ ಡಾಕ್ಟರುಗಳಿಗೆ ಬೇರೆ ಭಾಷಾ ಪರೀಕ್ಷೆ, ಆಮೇಲೆ ವಿಷಯದ ಪರೀಕ್ಷೆ. ಡಿಗ್ರಿ ಪೇಪರ್ ಟ್ರಾನ್ಸ್‌ಲೇಟ್ ಮಾಡಿಸಿ ಕೊಟ್ರೆ ಆಫೀಸಿನವರು ಯೂನಿವರ್ಸಿಟಿಯಿಂದ ಸಿಲಬಸ್ ತರ್ಸಿ ಅಂದ್ರಂತೆ, ಪ್ರತಿ ಸಬ್ಜೆಕ್ಟಿಗೆ ಎಷ್ಟು ಗಂಟೆ ಪಾಠ ಆಯ್ತು ಅಂತ, ಯುದ್ಧ ನಡೀತಿರೋ ಊರಿಂದ! ಒಂದಿನ ಪಾರ್ಸೆಲ್ ಕೊಡೋಕೆ ನಮ್ಮ ಮನೆಗೇ ಬಂದ, ಅಮ್ಮ ಬೆಂಗಳೂರಿಂದ ಬಂದಿದ್ರು, ಕೂರ್ಸಿ ಕಾಫಿ ಕೊಟ್ರು. ಕಾಫಿ ಕುಡೀತಾ ಅಮ್ಮನ ಹಲ್ಲು ನೋಡಿ, ಎಡಗಡೆ ಕೆಳಗಿನ ದವಡೆ ಹಲ್ಲಿನ ಕ್ಯಾಪ್ ಎತ್ತರ ಆಗಿದೆ, ಅದಕ್ಕೇ ನೀವು ಬಲಗಡೆನೇ ಅಗೀತೀರಾ ಅಂದ. ಅಮ್ಮ ಎರಡು ವರ್ಷದಿಂದ ತಲೆನೋವು ಅಂತಿದ್ರು, ಯಾರೂ ಹೇಳಿರ್ಲಿಲ್ಲ.

ಹೆಂಗಸರ ಲೆಕ್ಕ ಏನೋ ಹೇಳಿದೀರಿ ಮೇಲೆ, ಕಿಂಡರ್‌ಗಾರ್ಟನ್ನಲ್ಲಿ ಸೀಟೇ ಸಿಗದಿದ್ರೆ ಯಾವ ತಾಯಿ ಕೆಲಸಕ್ಕೆ ಹೋಗ್ತಾಳೆ, ಅದು ಬಿಡಿ.

ಐದನೇ ವರ್ಷಕ್ಕೆ ಆ ಡೆಂಟಿಸ್ಟ್‌ಗೆ ಲೈಸೆನ್ಸ್ ಬಂತು. ಈಗ ಪಕ್ಕದ ಸಣ್ಣ ಊರಲ್ಲಿ ಕ್ಲಿನಿಕ್, ಅಲ್ಲಿದ್ದ ಹಳೇ ಜರ್ಮನ್ ಡೆಂಟಿಸ್ಟ್ ರಿಟೈರ್ ಆಗಿ ಜಾಗ ಖಾಲಿ ಬಿದ್ದಿತ್ತು. ಮೊನ್ನೆ ನನ್ನ ಹಲ್ಲಿಗೆ ಅಪಾಯಿಂಟ್‌ಮೆಂಟ್ ಕೇಳಿದ್ರೆ ಮೂರು ತಿಂಗಳು ಬಿಟ್ಟು ಬಾ ಅಂದ.