ನಿಂಬೆಹಣ್ಣಿನ ಸಿಲಬಸ್

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಉದ್ಯಮಶೀಲತೆ ಅನ್ನೋ ಸಬ್ಜೆಕ್ಟ್ ಇದೆ. ಅಲ್ಲಿ ನಾನು ಗೆಸ್ಟ್ ಲೆಕ್ಚರರ್. ಅದನ್ನು ಕಲಿಸುವವರು ಯಾರೂ ಒಂದು ಬೀಡಾ ಅಂಗಡಿಯನ್ನೂ ಇಟ್ಟವರಲ್ಲ, ನನ್ನನ್ನೂ ಸೇರಿಸಿ. ಪಾಠವೆಲ್ಲ ಅಮೆರಿಕದ್ದು. ಕಳೆದ ವರ್ಷ ಮೇಲಿನವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಇದು ನಮ್ಮ ಸಂಸ್ಕೃತಿಗೆ ಒಗ್ಗಬೇಕು. ಅದಕ್ಕೊಂದು ಸಮಿತಿ. ಸಮಿತಿಯಲ್ಲಿ ನಾನು. ಗೆಸ್ಟ್ ಲೆಕ್ಚರರ್ ಬೇಡ ಅನ್ನುವಂತಿಲ್ಲ.

ಮೊದಲ ಮೀಟಿಂಗಿನಲ್ಲೇ ಅರ್ಧ ಕೆಲಸ ಮುಗಿಯಿತು. 1939ರಲ್ಲಿ ಹ್ಯೂಲೆಟ್, ಪ್ಯಾಕರ್ಡ್ ಇಬ್ಬರೂ ಪಾಲೊ ಆಲ್ಟೊದ ಗ್ಯಾರೇಜಿನಲ್ಲಿ 538 ಡಾಲರ್ ಇಟ್ಟುಕೊಂಡು ಎಚ್‌ಪಿ ಅನ್ನೋ ಎಲೆಕ್ಟ್ರಾನಿಕ್ಸ್ ಕಂಪನಿ ಶುರು ಮಾಡಿದರಲ್ಲ, ಅವರ ಜಾಗಕ್ಕೆ ಮಂಜುನಾಥ, ಬಸವರಾಜ ಬಂದರು. ಡಾಲರ್ ಹೋಗಿ ರೂಪಾಯಿ ಆಯಿತು. ಅಂಕಿ ಮಾತ್ರ ಹಾಗೇ ಉಳಿಯಿತು. ಈಗ ನಮ್ಮ ಸಿಲಬಸ್ ಪ್ರಕಾರ 538 ರೂಪಾಯಿಗೆ ಎಲೆಕ್ಟ್ರಾನಿಕ್ಸ್ ಕಂಪನಿ ಹಾಕಬಹುದು.

ಗ್ಯಾರೇಜಿನದೇ ತೊಂದರೆ. ನಮ್ಮ ಹುಡುಗರಿಗೆ ಗ್ಯಾರೇಜ್ ಅಂದರೆ ಗಾಡಿ ರಿಪೇರಿ ಮಾಡುವ ಜಾಗ. ಬೆಂಗಳೂರಲ್ಲಿ ಕಾರು ನಿಲ್ಲೋದು ರಸ್ತೆಯಲ್ಲಿ. ಥರ್ಟಿ-ಫಾರ್ಟಿ ಸೈಟಿನಲ್ಲಿ ಕಾರಿಗೆ ಅಂತ ಜಾಗ ಬಿಟ್ಟಿದ್ದರೂ ಓನರ್ ಆಂಟಿ ಅದಕ್ಕೊಂದು ಗೋಡೆ ಎತ್ತಿ ಸಿಂಗಲ್ ರೂಮ್ ಮಾಡಿ ಬಾಡಿಗೆಗೆ ಕೊಟ್ಟಿರುತ್ತಾರೆ. ಅಂಥ ಒಬ್ಬ ಆಂಟಿಯನ್ನೇ ಕರೆಸಿ ಪಾಠ ಮಾಡಿಸೋಣ ಅಂದೆ. ಎಲ್ಲರೂ ನಕ್ಕರು. ಮಿನಿಟ್ಸ್‌ನಲ್ಲಿ ಬರೆದುಕೊಳ್ಳಲಿಲ್ಲ. ಬದಲಿಗೆ ಮೂರನೇ ಮಹಡಿಯಲ್ಲಿ ಒಂದು ರೂಮಿಗೆ ಶಟರ್ ಹಾಕಿಸಿ 'ಗ್ಯಾರೇಜ್' ಅಂತ ಬೋರ್ಡ್ ಬರೆಸಿದರು. ಅಲ್ಲಿಗೆ ಸೈಕಲ್ ಕೂಡ ಹತ್ತೋದಿಲ್ಲ.

ಆಮೇಲೆ ಬಂತು ನಿಂಬೆಹಣ್ಣು. ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಸರಸ್ ಸರಸ್ವತಿ ಅನುಭವಸ್ಥ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿ 2001ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಕೈಯಲ್ಲಿ ಏನಿದೆಯೋ ಅದರಿಂದ ಶುರು ಮಾಡು. ಹೋದರೂ ತಡೆದುಕೊಳ್ಳುವಷ್ಟೇ ದುಡ್ಡು ಹಾಕು. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಲ್ಲಿ ಒಂದು ಮೂಟೆ ಸೊಪ್ಪು ತಗೊಂಡು ಬೀದಿ ಬೀದಿ ಸುತ್ತುವ ಅಜ್ಜಿ ಇದನ್ನೇ ಮಾಡೋದು, ಅಲ್ವಾ? ಅದೇ ಸಿದ್ಧಾಂತದಲ್ಲಿ ನಿಂಬೆಹಣ್ಣಿನ ಮಾತೂ ಒಂದಿದೆ: ಹುಳಿ ಹಣ್ಣೇ ಸಿಕ್ಕಿತು ಅಂತ ಕೊರಗಬೇಡ, ಶರಬತ್ತು ಮಾಡು. ಸಮಿತಿ ಅಜ್ಜಿಯನ್ನು ಬಿಟ್ಟು ನಿಂಬೆಹಣ್ಣನ್ನು ಇಟ್ಟುಕೊಂಡಿತು. ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಬರೆಯಿತು: 'ದಾರಿಯಲ್ಲಿ ನಿಂಬೆಹಣ್ಣು ಸಿಕ್ಕರೆ ಪಾನಕ ಮಾಡಿ.'

ಕ್ಲಾಸಿನಲ್ಲಿ ನಿಶ್ಶಬ್ದ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಸರ್, ಕುಂಕುಮ ಹಚ್ಚಿರುತ್ತಲ್ಲ, ಮೂರು ದಾರಿ ಕೂಡೋ ಕಡೆ ಬಿದ್ದಿರೋದು, ಅದಾ?"

ನಮ್ಮದೇ ಊರಿನ ಕಥೆ ಹಾಕೋಣ ಅಂತ ನಾನು ಎಂಟಿಆರ್ ಹೆಸರು ಎತ್ತಿದೆ. 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಅನ್ನುತ್ತಾರೆ ಅವರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ರೇಟನ್ನು ಸರ್ಕಾರ ಇಳಿಸಿದಾಗ ಗಿಟ್ಟದೆ ಬಾಗಿಲು ಹಾಕಿದರು, ಪ್ಯಾಕೆಟ್ ಮಿಕ್ಸ್ ಮಾರಲು ಹೊರಟರು. ಪಠ್ಯಕ್ಕೆ ಇದಕ್ಕಿಂತ ಏನು ಬೇಕು? ಅಧ್ಯಕ್ಷರು ಕನ್ನಡಕ ಸರಿ ಮಾಡಿಕೊಂಡು, "ಅದು ಹೋಟೆಲ್ ಅಲ್ವೇನ್ರೀ? ನಮಗೆ ಸ್ಟಾರ್ಟಪ್ ಬೇಕು" ಅಂದರು. ಮೀಟಿಂಗಿಗೆ ತರಿಸಿದ್ದ ರವೆ ಇಡ್ಲಿ ಮಾತ್ರ ಖಾಲಿಯಾಗಿತ್ತು.

ಇನ್ನೊಂದು ಪಾಠ, 'ಬೇಗ ಫೇಲ್ ಆಗಿ'. ಸೋಲನ್ನು ಸಂಭ್ರಮಿಸಬೇಕಂತೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಇದನ್ನು ವಿವರಿಸಿದಾಗ ತುಮಕೂರು ಕಡೆಯ ಒಬ್ಬರು ಎದ್ದು ನಿಂತು, "ಇದಕ್ಕೆ ಬೇರೆ ಫೀಸ್ ಕಟ್ಟಬೇಕಾ ಸಾರ್? ನಮ್ಮ ಹುಡುಗ ಹೋದ ಸೆಮಿಸ್ಟರಲ್ಲೇ ಮೂರರಲ್ಲಿ ಆಗವ್ನೆ" ಅಂದರು. ಸಂಭ್ರಮ ಎಲ್ಲಿಂದ? ಬ್ಯಾಕ್‌ಲಾಗ್ ಇರುವವರಿಗೆ ಕ್ಯಾಂಪಸ್ ಇಂಟರ್ವ್ಯೂ ಇಲ್ಲ ಅಂತ ಅದೇ ರೂಮಿನ ಗೋಡೆಯ ಮೇಲೆ ನೋಟಿಸ್ ಅಂಟಿಸಿತ್ತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. 'ಗ್ಯಾರೇಜಿನ' ತ್ರೀಡಿ ಪ್ರಿಂಟರಿಗೂ ಅರಿಶಿನ ಕುಂಕುಮ ಹಚ್ಚಿದರು. ಚಕ್ರ ಇಲ್ಲದ ಮೆಷಿನ್ನಿಗೆ ನಿಂಬೆಹಣ್ಣು ಎಲ್ಲಿಡಬೇಕು ಅಂತ ಇಬ್ಬರು ಪ್ರೊಫೆಸರ್‌ಗಳು ಅರ್ಧ ಗಂಟೆ ಚರ್ಚಿಸಿದರು.

ನಿಂಬೆಹಣ್ಣು ತಂದಿದ್ದು ನಮ್ಮ ಅಟೆಂಡರ್. ಹಬ್ಬಕ್ಕೆ ರೇಟು ಏರುತ್ತೆ ಅಂತ ಮೂರು ದಿನ ಮುಂಚೆಯೇ ಮಾರ್ಕೆಟ್‌ನಿಂದ ಒಂದು ಚೀಲ ತಂದು ಸ್ಟೋರ್ ರೂಮಿನಲ್ಲಿ ಇಟ್ಟಿದ್ದ. ಪೂಜೆ ದಿನ ಪಾರ್ಕಿಂಗಿನಲ್ಲಿ ನಿಂತು ಗಾಡಿಗೆ ನಾಲ್ಕರಂತೆ ಮಾರಿದ. ಮಧ್ಯಾಹ್ನದೊಳಗೆ ಚೀಲ ಖಾಲಿ. ಸಂಜೆ ಕೈಗೆ ಮೆಮೊ ಬಂತು: ಕ್ಯಾಂಪಸ್ಸಿನಲ್ಲಿ ಅನುಮತಿ ಇಲ್ಲದೆ ವ್ಯಾಪಾರ. ಸಹಿ, ಉದ್ಯಮಶೀಲತಾ ವಿಭಾಗದ ಮುಖ್ಯಸ್ಥರು.

ಉತ್ತರ ಬರೆದುಕೊಡಿ ಅಂತ ಅವನು ನನ್ನ ಹತ್ತಿರ ಬಂದ. ಅವನು ಹೇಳಿದ ಹಾಗೇ ಬರೆದೆ: "ಮಾರಿದ್ದು ನಿಜ. ತಮ್ಮ ಕಾರಿನ ನಾಲ್ಕು ಚಕ್ರಕ್ಕೆ ಉದ್ದರಿ ಕೊಟ್ಟಿದ್ದೆ. ಆ ದುಡ್ಡು ಇನ್ನೂ ಬರಬೇಕು."